ಪೆಡಲಿಗೂ ಕಲ್ಲಿಗೂ ನಡುವೆ

ಬೈಸಿಕಲ್ಲಿನ ಪೆಡಲು ಕಲ್ಲಿಗೆ ಬಡಿಯುವುದು ಬಾನುಲಿಯಲ್ಲಿ ಕುಳಿತು ಮಾತನಾಡತಕ್ಕ ವಿಷಯವೇ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಕಳೆದ ಮಾಗಿಯ ಒಂದು ಬೆಳಿಗ್ಗೆ ನನ್ನ ಸೋದರಳಿಯನನ್ನು ನಾಲ್ವರು ಆಳುಗಳು ಕಂಬಳಿಯಲ್ಲಿ ಮಲಗಿಸಿ ಕಾಫಿ ಕಣಕ್ಕೆ ಹೊತ್ತು ತರುವ ತನಕ.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹರಡಿಕೊಂಡ ಸೀಮೆಯನ್ನು ಕಂಡವರಿಗೆ ಅಲ್ಲಿಯ ತೋಟದ ದಾರಿಗಳ ಪರಿಚಯವಿರುತ್ತದೆ. ಒಂದು ಮಗ್ಗುಲಿಗೆ ಆಳೆತ್ತರದ ದರೆ. ಇನ್ನೊಂದು ಮಗ್ಗುಲಿಗೆ ಇಳಿಜಾರು, ಅದರ ತುಂಬ ಕಾಫಿಗಿಡ, ಗಿಡಗಳ ಸಾಲಿನ ನಡುವೆ ನೀರಿಂಗಲೆಂದು ತೋಡಿದ ತೊಟ್ಟಿಲುಗುಂಡಿಗಳು. ನಡುವೆ ಜೀಪಿನ ಗಾಲಿಗಳು ಕೊರೆದ ಎರಡು ಜಾಡು. ತೀರ ಕಡಿದಾದ ಕಡೆ ಜೀಪು ಜಾರದಿರಲೆಂದು ಕಾಡುಗಲ್ಲು ಹಾಸಿ ಸೋಲಿಂಗ್ ಮಾಡಿರುತ್ತಾರೆ. ಹಾಸಿದ ವರ್ಷ ಅದು ದಾರಿಯೇ ಸರಿ. ನಾಲ್ಕು ಮಳೆಗಾಲ ಕಳೆದು ನಡುವಿನ ಮಣ್ಣು ತೊಳೆದುಹೋದ ಮೇಲೆ ಮುದುಕನ ಬಾಯಿಯ ಹಲ್ಲುಗಳಂತೆ ಒಂದೊಂದೇ ಕಲ್ಲು ತಲೆಯೆತ್ತಿ ನಿಲ್ಲುತ್ತದೆ. ಹುಡುಗ ಬರುತ್ತಿದ್ದದ್ದು ಅಂಥ ದಾರಿಯಲ್ಲಿ. ವೇಗವೇನೂ ಇರಲಿಲ್ಲ, ಏರು ಹತ್ತುತ್ತಿದ್ದ. ದರೆಯ ಕಡೆಯ ಪೆಡಲು ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಅಲ್ಲೊಂದು ಕಲ್ಲಿತ್ತು. "ಠಣ್ ಎಂದದ್ದು ಗೊತ್ತಾಯಿತು ಮಾವ, ಅದಾದ ಮೇಲೆ ಗೊತ್ತಾದದ್ದು ಕಾಫಿಗಿಡವೇ" ಎಂದು ಅವನು ಆಮೇಲೆ ಹೇಳಿದ. ರೊಬಸ್ಟಾ ಗಿಡವೊಂದು ತಡೆದದ್ದರಿಂದ ಗುಂಡಿಗೆ ಬೀಳುವುದು ತಪ್ಪಿತು. ಭುಜದ ಮುಂದಿನ ಮೂಳೆ ಮುರಿಯುವುದು ತಪ್ಪಲಿಲ್ಲ.

ನಡಿಗೆಗಿಂತ ತುಸುವೇ ಹೆಚ್ಚಿನ ವೇಗದಲ್ಲಿದ್ದವನು ಹೀಗೆ ಎಗರಿ ಬೀಳುವುದೆಂದರೇನು? ನಾನು ಇದನ್ನು ಬಹಳ ದಿನ ಯೋಚಿಸಿದೆ. ವಿಷಯ ಸರಳವಾಗಿಯೇ ಇದೆ. ಪೆಡಲು ಕೆಳಗಿದ್ದಾಗ ಸವಾರನ ಭಾರದ ಬಹುಪಾಲು ಅದರ ಮೇಲೆಯೇ ಇರುತ್ತದೆ. ಅದು ಕಲ್ಲಿನ ಮೇಲೆ ಕುಳಿತ ಕ್ಷಣ, ಗಾಲಿಗಳ ಮೇಲೆ ನಿಂತಿದ್ದ ಬೈಸಿಕಲ್ಲು ಆ ಕಲ್ಲಿನ ಮೇಲೆ ನಿಲ್ಲತೊಡಗುತ್ತದೆ. ಹಿಂದಿನ ಗಾಲಿ ನೆಲ ಬಿಡುತ್ತದೆ. ಕಲ್ಲು ಯಾವ ಮಗ್ಗುಲಲ್ಲಿದೆಯೋ ಅದರ ಎದುರು ಮಗ್ಗುಲಿಗೆ ಇಡೀ ವಾಹನ ಒದೆಸಿಕೊಂಡಂತೆ ವಾಲುತ್ತದೆ. ಬಯಲುಸೀಮೆಯಲ್ಲಾದರೆ ಎಡಕ್ಕೆ ಬಿದ್ದರೂ ಅಷ್ಟೆ, ಬಲಕ್ಕೆ ಬಿದ್ದರೂ ಅಷ್ಟೆ. ನಮ್ಮ ಬೆಟ್ಟದ ದಾರಿಗಳಲ್ಲಿ ಮಾತ್ರ ಕಲ್ಲಿರುವುದು ಹೆಚ್ಚಾಗಿ ದರೆಯ ಬುಡದಲ್ಲಿ. ಆದ್ದರಿಂದ ಒದೆತ ಬೀಳುವುದು ಯಾವಾಗಲೂ ಕಣಿವೆಯ ಕಡೆಗೆ. ನಾನು ಇದನ್ನು ಚಿಕ್ಕ ವಿಷಯವೆನ್ನದಿರುವುದಕ್ಕೆ ಇದೇ ಕಾರಣ.

ನಾನು ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರನಾಗಿದ್ದವನು. ನನ್ನ ಕಾಲದ ಬಹುಭಾಗ ಬೈಸಿಕಲ್ಲಿನ ಮೇಲೆಯೇ ಕಳೆಯಿತು: ಲೈನುಮನೆಗಳಿಂದ ಕಣಕ್ಕೆ, ಕಣದಿಂದ ಮೇಲಿನ ಬ್ಲಾಕಿಗೆ, ಅಲ್ಲಿಂದ ಅಂಚೆಗೆ. ಇಪ್ಪತ್ತೆಂಟು ಅಂಗುಲದ ಗಾಲಿಯ, ಕಪ್ಪು ಬಣ್ಣದ, ಸರಳಿನ ಬ್ರೇಕಿನ ಆ ಹಳೆಯ ವಾಹನವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅದರ ಪೆಡಲೂ ಕಲ್ಲಿಗೆ ಬಡಿಯುತ್ತಿತ್ತು. ಬಡಿದಾಗ ಕೆಡುತ್ತಿದ್ದದ್ದು ಕಾಟರ್ ಪಿನ್ನು. ಅದು ಸಡಿಲವಾದ ಮೇಲೆ ಪ್ರತಿ ಸುತ್ತಿಗೂ ಕಾಲಿನ ಕೆಳಗೆ 'ಟಕ್' ಎನ್ನುವ ಸದ್ದು. ದೂರದಿಂದಲೇ ಆ ಸದ್ದು ಕೇಳಿ ಆಳುಗಳು ರೈಟರು ಬಂದರೆಂದು ತಿಳಿದು ಬೀಡಿ ಆರಿಸುತ್ತಿದ್ದರು. ಆದರೆ ಆ ಕಾಲದಲ್ಲಿ ಪೆಡಲು ಬಡಿದು ಬಿದ್ದವರನ್ನು ನಾನು ಕಂಡದ್ದು ಕಡಿಮೆ. ನಾವು ಚತುರರಾಗಿದ್ದೆವೆಂದಲ್ಲ. ಆ ಬೈಸಿಕಲ್ಲಿಗೆ ಒಂದೇ ಗೇರು. ಪೆಡಲು ಒಂದು ಸುತ್ತು ಬಂದರೆ ವಾಹನ ಐದು ಮೀಟರಿನ ಆಸುಪಾಸು ಮುಂದೆ ಹೋಗುತ್ತಿತ್ತು. ಅಂಥದನ್ನು ತುಳಿದುಕೊಂಡು ಸೋಲಿಂಗ್ ಕಲ್ಲಿನ ಏರು ಹತ್ತುವುದು ಭೀಮನಿಗೂ ಆಗದ ಮಾತು. ಕಲ್ಲು ಕಂಡೊಡನೆ ಇಳಿದು ತಳ್ಳುತ್ತಿದ್ದೆವು. ಪೆಡಲು ಕಲ್ಲಿಗೆ ಬಡಿಯದಂತೆ ಮಾಡುವುದಕ್ಕೆ ಇದಕ್ಕಿಂತ ಖಚಿತವಾದ ಉಪಾಯ ಇಂದಿಗೂ ಹುಟ್ಟಿಲ್ಲ.

ಹುಡುಗರು ಈಗ ತರುವ ಬೆಟ್ಟದ ಬೈಸಿಕಲ್ಲು ಬೇರೆಯೇ ಜಾತಿಯದು. ಅದರ ಹುಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮರಿನ್ ಎಂಬ ಜಿಲ್ಲೆಯ ಗುಡ್ಡದಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಬೈಸಿಕಲ್ಲುಗಳನ್ನೇರಿ 1976ರಿಂದ ಇಳಿಜಾರಿನ ಪಂದ್ಯ ನಡೆಸತೊಡಗಿದರು. ಇಳಿಯುವಷ್ಟರಲ್ಲಿ ಹಿಂದಿನ ಬ್ರೇಕಿನೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತಂತೆ; ಮತ್ತೆ ಗ್ರೀಸು ತುಂಬಬೇಕಾದ್ದರಿಂದ ಆ ಪಂದ್ಯಕ್ಕೆ 'ರಿಪ್ಯಾಕ್' ಎಂದೇ ಹೆಸರು ಬಿತ್ತು. ಇಪ್ಪತ್ತು ವರ್ಷದೊಳಗೆ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ, ಅದು ಪದಕದ ಆಟವಾಯಿತು. ಹನ್ನೊಂದು, ಹನ್ನೆರಡು ಹಲ್ಲುಚಕ್ರ, ಮುಂದೆಯೂ ಹಿಂದೆಯೂ ಕುಗ್ಗಿ ಹಿಗ್ಗುವ ಸಸ್ಪೆನ್ಷನ್ನು ಎಲ್ಲ ಕಾಲಕ್ರಮದಲ್ಲಿ ಬಂದವು. ಇವೆಲ್ಲದರ ಫಲವಾಗಿ, ನಾವು ಇಳಿದು ತಳ್ಳುತ್ತಿದ್ದ ಏರನ್ನು ಈಗಿನ ಹುಡುಗರು ಕುಳಿತೇ ಹತ್ತುತ್ತಾರೆ. ಕಲ್ಲಿನ ಮೇಲೆ ತುಳಿಯಬಲ್ಲವನಿಗೆ ಮಾತ್ರ ಕಲ್ಲಿನ ಪೆಟ್ಟು.

ಮುರಿದ ಮೂಳೆ ಕೂಡಿಕೊಳ್ಳುವ ಕಾಲದಲ್ಲಿ ನಾವಿಬ್ಬರೂ ಒಂದು ದಿನ ಅಳತೆ ಪಟ್ಟಿ ಹಿಡಿದು ಅಂಗಳದಲ್ಲಿ ಕುಳಿತೆವು. ಪೆಡಲಿನ ತೋಳುಗಳು ತಿರುಗುವ ನಡುವಿನ ಅಚ್ಚು ನೆಲದಿಂದ 340 ಮಿಲಿಮೀಟರು. ತೋಳಿನ ಉದ್ದ 170. ಪೆಡಲಿನ ಅರ್ಧ ದಪ್ಪ 10. ಕಳೆದರೆ ಉಳಿದದ್ದು 160 ಮಿಲಿಮೀಟರು, ಆರಂಗುಲದ ಮೇಲೆ ಚೂರು. ಸಾಕಷ್ಟಾಯಿತಲ್ಲ ಎಂದೆ ನಾನು. "ಇರಿ ಮಾವ, ನಾನು ಇನ್ನೂ ಹತ್ತಿಲ್ಲ" ಎಂದ ಅವನು. ಹತ್ತಿ ಕುಳಿತರೆ ಸಸ್ಪೆನ್ಷನ್ನು ಸವಾರನ ಭಾರಕ್ಕೇ ಕುಗ್ಗುತ್ತದೆ; 130 ಮಿಲಿಮೀಟರು ಕುಗ್ಗಬಲ್ಲದ್ದು ಬರಿಯ ಕುಳಿತದ್ದಕ್ಕೇ ಅದರ ಮೂರನೆಯ ಒಂದು ಭಾಗದ ಹತ್ತಿರ ಇಳಿದಿರುತ್ತದೆ, ಹಾಗೆ ಇಳಿಯಬೇಕೆಂದೇ ಅದರ ಏರ್ಪಾಡು. ಅಲ್ಲಿಗೆ ಉಳಿದದ್ದು ಐದಂಗುಲ. ಗುಂಡಿಯೊಂದಕ್ಕೆ ಗಾಲಿ ಇಳಿದು ಸಸ್ಪೆನ್ಷನ್ನು ಪೂರ್ತಿ ಕುಗ್ಗಿತೆನ್ನಿ, ಪೆಡಲಿಗೂ ನೆಲಕ್ಕೂ ನಡುವೆ ಉಳಿಯುವುದು ಒಂದಂಗುಲದ ಲೆಕ್ಕ. ಇನ್ನು ತಿರುವಿನಲ್ಲಿ ವಾಹನ ಹದಿನೈದು ಡಿಗ್ರಿಯಷ್ಟು ವಾಲಿದರೆ ಒಳಮಗ್ಗುಲಿನ ಪೆಡಲಿನ ತುದಿ ಎರಡಂಗುಲ ಕೆಳಗಿಳಿಯುತ್ತದೆ. ಕಲ್ಲಿನ ದಾರಿಯಲ್ಲಿ ಇವು ಬೇರೆ ಬೇರೆಯಾಗಿ ಬರುವುದಿಲ್ಲ, ಜತೆಯಾಗಿಯೇ ಬರುತ್ತವೆ. ಅಚ್ಚನ್ನು ಇನ್ನಷ್ಟು ಎತ್ತರದಲ್ಲಿ ಇಡಬಾರದೇ ಎಂದು ಕೇಳಿದರೆ, ಇಡಬಹುದು. ಆದರೆ ಸವಾರನ ಭಾರ ಕೆಳಗಿದ್ದಷ್ಟೂ ವಾಹನ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಆ ಸುಖಕ್ಕಾಗಿ ತಯಾರಕರು ಅದನ್ನು ಇತ್ತೀಚಿನ ವರ್ಷಗಳಲ್ಲಿ ಇಳಿಸುತ್ತಲೇ ಬಂದಿದ್ದಾರೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿಯುವ ವ್ಯಾಪಾರ ಇದು.

ಲೆಕ್ಕ ಇಷ್ಟಾದ ಮೇಲೆ ಉಪಾಯದ ಮಾತು. ತೋಳುಗಳೆರಡೂ ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ ಇದ್ದಾಗ ಪೆಡಲುಗಳು ನಡುವಿನ ಅಚ್ಚಿನಷ್ಟೇ ಎತ್ತರದಲ್ಲಿರುತ್ತವೆ. ಆಗ ನಮ್ಮ ಕೈಗೆ ಅನಾಯಾಸವಾಗಿ 170 ಮಿಲಿಮೀಟರು ಬಂದಂತಾಯಿತು. ಆದ್ದರಿಂದ ತುಳಿಯಬೇಕಾಗಿಲ್ಲದ ಕಡೆ, ಮುಖ್ಯವಾಗಿ ಇಳಿಜಾರಿನಲ್ಲಿ, ಪೆಡಲುಗಳನ್ನು ತಕ್ಕಡಿಯ ದಂಡಿಯಂತೆ ಸಮನಾಗಿರಿಸಿ ಅವುಗಳ ಮೇಲೆ ನಿಂತು ಸಾಗುವುದು ಮೊದಲನೆಯ ಪಾಠ. ಬಹಳ ಜನ ಇದನ್ನು ಬಲ್ಲರು, ಆದರೂ ದಣಿದಾಗ ಮರೆಯುತ್ತಾರೆ. ಒಂದು ಕಾಲು ತಾನಾಗಿ ಕೆಳಗೆ ಜೋತುಬೀಳುತ್ತದೆ. ಕಾಲು ಸೋತವನು ನಿಲ್ಲುವುದೇ ಹಾಗೆ. ಮಧ್ಯಾಹ್ನದ ನಂತರದ ಪೆಟ್ಟುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಆಗುತ್ತವೆಂದು ನನ್ನ ಎಣಿಕೆ.

ಕಷ್ಟವಿರುವುದು ಏರಿನಲ್ಲಿ. ಅಲ್ಲಿ ತುಳಿಯದೆ ಇದ್ದರೆ ನಿಂತುಹೋಗುತ್ತೇವೆ, ತುಳಿದರೆ ಬಡಿಯುತ್ತದೆ. ಇದಕ್ಕೆ ಬೇಕಾದ ವಿದ್ಯೆಯನ್ನು ನಮ್ಮ ಹಳ್ಳಿಯ ಹುಡುಗರು ಎಂದೋ ಕಲಿತಿದ್ದರೆಂಬುದು ನನಗೆ ಈ ಅಳತೆಯ ದಿನವೇ ಹೊಳೆದದ್ದು. ಅಪ್ಪನ ದೊಡ್ಡ ಬೈಸಿಕಲ್ಲಿನಲ್ಲಿ ಕಲಿಯುವಾಗ ನಾವು ಸೀಟಿನ ಮೇಲೆ ಕೂರುವಂತಿರಲಿಲ್ಲ. ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದೆವು. ಕಾಲು ಗಿಡ್ಡ, ಪೂರಾ ಸುತ್ತು ಎಟುಕದು. ಆದ್ದರಿಂದ ಅರ್ಧ ಪೆಡಲು: ಕೆಳಕ್ಕೊಂದು ಒತ್ತು, ಫ್ರೀವೀಲು ಕಟಕಟ ಎನ್ನುತ್ತಿರಲು ಹಿಂದಕ್ಕೆ ಎಳೆತ, ಮತ್ತೆ ಕೆಳಕ್ಕೊಂದು ಒತ್ತು. ಪೆಡಲು ಒಮ್ಮೆಯೂ ತಳ ಮುಟ್ಟದೆ ಬೈಸಿಕಲ್ಲು ಊರೆಲ್ಲ ಸುತ್ತಿ ಬರುತ್ತಿತ್ತು. ಕಲ್ಲಿನ ಏರಿನಲ್ಲಿ ಮಾಡಬೇಕಾದದ್ದೂ ಅಕ್ಷರಶಃ ಇದನ್ನೇ. ಮುಂದಿನ ಪೆಡಲನ್ನು ಗಡಿಯಾರದ ಎರಡು ಗಂಟೆಯ ಸ್ಥಾನದಿಂದ ನಾಲ್ಕು ಗಂಟೆಯವರೆಗೆ ಒತ್ತಬೇಕು, ಹಿಂದಕ್ಕೆ ಎರಡಕ್ಕೆ ತರಬೇಕು, ಮತ್ತೆ ಒತ್ತಬೇಕು. ಕಲ್ಲು ದಾಟಿತೆನ್ನುವಾಗ ಪೂರಾ ಸುತ್ತು. ಪರದೇಶದ ಗುರುಗಳು ಹಣ ತೆಗೆದುಕೊಂಡು ಕಲಿಸುವ ಈ ವಿದ್ಯೆಯನ್ನು ನನ್ನ ಅಳಿಯ ಪಟ್ಟಣದಲ್ಲಿ ಬೆಳೆದವನಾದ್ದರಿಂದ, ಮೊದಲಿನಿಂದಲೂ ತನ್ನ ಅಳತೆಯ ಪುಟ್ಟ ಬೈಸಿಕಲ್ಲಿನಲ್ಲೇ ಕಲಿತವನಾದ್ದರಿಂದ, ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. ನಾನು ಅಂಗಳದಲ್ಲಿ ಒಮ್ಮೆ ಮಾಡಿ ತೋರಿಸಿದೆ. ಅರವತ್ತು ವರ್ಷ ಕಳೆದಿದ್ದರೂ ಕಾಲು ಮರೆತಿರಲಿಲ್ಲ.

ಇದಕ್ಕೆ ಒಂದು ತೊಡಕಿದೆ. ಹಿಂದಿನ ಗಾಲಿಯೊಳಗಿನ ಹಲ್ಲುಗಳು ಕಚ್ಚಿಕೊಳ್ಳುವ ತನಕ ಪೆಡಲು ಖಾಲಿಯಾಗಿ ತಿರುಗುತ್ತದೆ. ಸುತ್ತಿಗೆ 18 ಕಡೆ ಕಚ್ಚುವ ಗಾಲಿಯಾದರೆ 20 ಡಿಗ್ರಿಯವರೆಗೆ ಹಿಡಿತವಿಲ್ಲ. 36 ಕಡೆ ಕಚ್ಚುವುದಾದರೆ 10 ಡಿಗ್ರಿ. ಚೈನು ಹಿಂದಿನ ದೊಡ್ಡ ಚಕ್ರಕ್ಕೆ ಬಿದ್ದಿದ್ದರೆ ಕಾಲಿಗೆ ತಿಳಿಯುವ ಖಾಲಿ ಚಲನೆ ಇದಕ್ಕೂ ಹೆಚ್ಚು. ಅರ್ಧ ಪೆಡಲಿನ ಇಡೀ ಒತ್ತು ಅರುವತ್ತು ಡಿಗ್ರಿಯೊಳಗೇ ಮುಗಿಯಬೇಕಾದಾಗ ಅದರಲ್ಲಿ ಮೂರರಲ್ಲೊಂದು ಪಾಲು ವ್ಯರ್ಥವಾದರೆ ಸವಾರ ನಿಂತಲ್ಲೇ ವಾಲುತ್ತಾನೆ. ಹೆಚ್ಚು ಹಲ್ಲಿನ ಗಾಲಿಗೆ ಹೆಚ್ಚು ಹಣ ಕೊಡುವವರನ್ನು ನಾನು ಮೊದಲು ದುಂದುಗಾರರೆಂದುಕೊಂಡಿದ್ದೆ, ಈಗ ಹಾಗೆನ್ನಲಾರೆ. ಹಿಂದಕ್ಕೆ ತುಳಿಯುವಾಗ ದೊಡ್ಡ ಚಕ್ರದಿಂದ ಚೈನು ಕಳಚುವುದೂ ಉಂಟು.

ಗೇರಿನ ಆಯ್ಕೆಯಲ್ಲಿ ಹೊಸಬರು ತಪ್ಪುತ್ತಾರೆ. ಕಲ್ಲು ಕಂಡೊಡನೆ ಅತಿ ಹಗುರದ ಗೇರಿಗೆ ಬದಲಾಯಿಸಿ ಗಿರಗಿರನೆ ತುಳಿಯುತ್ತಾರೆ. ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ವಾಹನ ಒಂದೂವರೆ ಮೀಟರೂ ಹೋಗುವುದಿಲ್ಲ. ಅಂದರೆ ಪ್ರತಿ ಮುಕ್ಕಾಲು ಮೀಟರಿಗೊಮ್ಮೆ ಎಡದ್ದೋ ಬಲದ್ದೋ ಒಂದು ಪೆಡಲು ತಳ ಮುಟ್ಟುತ್ತದೆ. ಹಿಂದೆಯೂ 32 ಹಲ್ಲಿನ ಚಕ್ರವಾದರೆ ಸುತ್ತಿಗೆ ಎರಡು ಮೀಟರಿಗೂ ಹೆಚ್ಚು. ಕಾಲಿಗೆ ಶ್ರಮ ಹೆಚ್ಚಾದರೂ ಕಲ್ಲಿಗೆ ಸಿಗುವ ಅವಕಾಶ ಕಡಿಮೆಯಾಗುತ್ತದೆ. ಕಲ್ಲಿನ ಸಾಲಿಗೆ ಮೊದಲೇ ತುಸು ವೇಗ ಗಳಿಸಿಕೊಂಡು, ಒಂದೆರಡು ಹಲ್ಲು ಭಾರದ ಗೇರಿನಲ್ಲಿ ಒಳಹೊಕ್ಕರೆ ಎರಡು ಮೂರು ಒತ್ತಿನಲ್ಲೇ ದಾಟಬಹುದು.

ಒತ್ತು ಎಲ್ಲಿ ಬೀಳಬೇಕೆಂಬುದನ್ನು ಹೇಳುವುದು ಕಣ್ಣು. ಮುಂದಿನ ಗಾಲಿಯ ಬುಡವನ್ನೇ ನೋಡುತ್ತ ಬರುವವನಿಗೆ ಕಲ್ಲು ಕಾಣುವ ಹೊತ್ತಿಗೆ ಸಮಯ ಮೀರಿರುತ್ತದೆ. ನಾಲ್ಕೈದು ಮೀಟರು ಮುಂದೆ ದೃಷ್ಟಿಯಿಟ್ಟು, ಇಂಥ ಕಲ್ಲಿನ ಹತ್ತಿರ ಬಲಗಾಲು ಮೇಲಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಅರ್ಧ ಸುತ್ತು ಹೊಂದಿಸಿಕೊಳ್ಳಬೇಕು. ಗಾಲಿ ಕಲ್ಲಿನ ಪಕ್ಕದಲ್ಲಿ ಹೋಗುವುದಕ್ಕಿಂತ ಅನೇಕ ಸಲ ಕಲ್ಲಿನ ಮೇಲೆಯೇ ಹೋಗುವುದು ವಾಸಿ. ಹಾಸುಗಲ್ಲಾದರಂತೂ ಗಾಲಿಯ ಜತೆಗೆ ಪೆಡಲೂ ಮೇಲೇರಿಬಿಡುತ್ತದೆ. ಎರಡು ಕಲ್ಲಿನ ನಡುವಿನ ಓಣಿಯಲ್ಲಿ ಗಾಲಿ ಸುಖವಾಗಿ ತೂರಿದರೂ ಪೆಡಲು ತೂರುವುದಿಲ್ಲ. ನಮ್ಮ ಹುಡುಗ ಬಿದ್ದದ್ದು ಹೀಗೆಯೇ. ಜೀಪಿನ ಜಾಡು ಕೊರೆದ ತಗ್ಗಿನಲ್ಲಿ ನುಣುಪಾಗಿ ಬರುತ್ತಿದ್ದ. ತಗ್ಗಿನ ಅಂಚಿನ ಕಲ್ಲು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ದರೆಯ ಪಕ್ಕದಲ್ಲಿ ಹೋಗುವಾಗ ದರೆಯ ಕಡೆಯ ಪೆಡಲು ಮೇಲೆ ಅಥವಾ ಸಮನಾಗಿ. ತಿರುವಿನಲ್ಲಿ ಒಳಮಗ್ಗುಲಿನದು ಮೇಲೆ, ಹೊರಮಗ್ಗುಲಿನದು ಕೆಳಗೆ. ಈ ಎರಡನ್ನು ಕಾಲಿಗೇ ಕಲಿಸಿಬಿಡಬೇಕು, ಯೋಚಿಸಿ ಮಾಡುವಷ್ಟು ಪುರಸೊತ್ತು ಅಲ್ಲಿರುವುದಿಲ್ಲ.

ಸಾಮಾನಿನ ವಿಷಯ ಹೆಚ್ಚಿಲ್ಲ. ಗಿಡ್ಡ ತೋಳು ಹಾಕಿಸಿಕೊಳ್ಳಬಹುದು. 175ರ ಬದಲು 165 ಹಾಕಿದರೆ 10 ಮಿಲಿಮೀಟರು ಸಿಗುತ್ತದೆ. ಹತ್ತು ಮಿಲಿಮೀಟರೆಂದು ನಗಬಾರದು, ಎಷ್ಟೋ ಪೆಟ್ಟುಗಳು ಅಷ್ಟರಲ್ಲೇ ತಪ್ಪುವಂಥವು. ತೆಳ್ಳನೆಯ ಪೆಡಲು ಒಳ್ಳೆಯದು. ಸಸ್ಪೆನ್ಷನ್ನಿನಲ್ಲಿ ಗಾಳಿ ಕಡಿಮೆಯಿದ್ದರೆ ವಾಹನ ಕುಸಿದೇ ಓಡುತ್ತದೆ, ಸವಾರನ ತೂಕಕ್ಕೆ ತಕ್ಕಷ್ಟು ತುಂಬಿಸಬೇಕು. ಜೋರಾಗಿ ಬಡಿದ ಮೇಲೆ ಮನೆಗೆ ಬಂದು ಪೆಡಲಿನ ಅಚ್ಚು ಬಾಗಿದೆಯೇ, ತೋಳಿನಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಬೇಕು. ಇಂದಿನ ಪೆಟ್ಟಿಗೆ ನಾಳೆಯ ಇಳಿಜಾರಿನಲ್ಲಿ ತೋಳು ಮುರಿದೀತು. ಪೆಡಲು ಬಿಚ್ಚುವವರಿಗೆ ಒಂದು ಮಾತು: ಎಡಗಡೆಯದರ ಮರೆ ಉಲ್ಟಾ. ತುಳಿಯುತ್ತ ತುಳಿಯುತ್ತ ತಾನಾಗಿ ಕಳಚಿಕೊಳ್ಳಬಾರದೆಂದು ಈ ಏರ್ಪಾಡು. ವಿಮಾನ ಹಾರಿಸುವ ಮೊದಲು ಬೈಸಿಕಲ್ಲು ಮಾಡಿ ಮಾರುತ್ತಿದ್ದ ರೈಟ್ ಸಹೋದರರು 1900ರಲ್ಲೇ ಇದನ್ನು ತಮ್ಮ ಬೈಸಿಕಲ್ಲುಗಳಲ್ಲಿ ಅಳವಡಿಸಿದ್ದರು. ಇದನ್ನು ತಿಳಿಯದೆ ಎಡಪೆಡಲನ್ನು ಬಿಚ್ಚುತ್ತೇನೆಂದು ಬಿಗಿಮಾಡಿ ಮರೆ ಕೆಡಿಸಿದ ಮಹನೀಯರಲ್ಲಿ ನಾನೂ ಒಬ್ಬ.

ನಮ್ಮ ಸೀಮೆಯ ಕಲ್ಲಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅದಕ್ಕೆ ಅನ್ಯಾಯವಾದೀತು. 1930 ಮೀಟರು ಎತ್ತರದ ಮುಳ್ಳಯ್ಯನಗಿರಿಯನ್ನು ಹೊತ್ತ ಬಾಬಾಬುಡನ್ ಶ್ರೇಣಿಯಲ್ಲೂ ಈಚೆಗೆ ಕುದುರೆಮುಖದಲ್ಲೂ ಕಲ್ಲೆಂದರೆ ಬಹುಮಟ್ಟಿಗೆ ಕಬ್ಬಿಣ. ಕೆಮ್ಮಣ್ಣುಗುಂಡಿಯ ಅದಿರನ್ನು ನೆಚ್ಚಿಯೇ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿತು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಹೀಗಾಗಿ ಇಲ್ಲಿ ಪೆಡಲು ಬಡಿದರೆ ಲೋಹ ಲೋಹಕ್ಕೇ ಬಡಿದಂತೆ, ಕಲ್ಲು ಚೂರಾಗಿ ದಾರಿ ಬಿಡುತ್ತದೆಂಬ ಆಸೆ ಬೇಡ. ಆಷಾಢದಿಂದ ಆಶ್ವೀಜದವರೆಗೆ ಅದರ ಮೇಲೆ ಪಾಚಿ. ಮಾಗಿಯಲ್ಲಿ ಪಾಚಿ ಒಣಗುತ್ತದೆ, ಆದರೆ ಸಿಲ್ವರ್ ಓಕಿನ ಎಲೆ ಉದುರಿ ಕಲ್ಲನ್ನು ಮುಚ್ಚುತ್ತದೆ. ಯಾವುದು ಹೆಚ್ಚು ಅಪಾಯವೆಂದು ಹೇಳುವುದು ಕಷ್ಟ. ಇಷ್ಟರ ಮೇಲೆ, ಕಳೆದ ವರ್ಷ ಕಂಡ ಕಲ್ಲು ಈ ವರ್ಷ ಅಲ್ಲೇ ಇರಬೇಕೆಂಬ ನಿಯಮವಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿ ತೋಟ ಗದ್ದೆಗಳ ಮೇಲೆ ಬಂದು ಕುಳಿತದ್ದನ್ನು ಕಂಡವರು ದಾರಿಯನ್ನು ನಂಬುವುದಿಲ್ಲ. ಮಳೆಗಾಲದ ನಂತರ ಮೊದಲ ಸಲ ಹೋಗುವಾಗ ನಡೆದು ನೋಡಿ ಬರುವುದು ಲೇಸು.

ನಡೆಯುವವರ ಮಾತು ಬಂತು. ಈ ದಾರಿಗಳು ಹುಟ್ಟಿದ್ದು ಆಟಕ್ಕಲ್ಲ. ಕುಯ್ಲಿನ ಕಾಲದಲ್ಲಿ ಹಣ್ಣಿನ ಚೀಲ ತಲೆಯ ಮೇಲೆ ಹೊತ್ತ ಹೆಂಗಸರು ಸಂಜೆ ಇದೇ ಸೋಲಿಂಗ್ ಕಲ್ಲಿನ ಮೇಲೆ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಇಳಿಯುತ್ತಾರೆ. ತಲೆಯ ಮೇಲೆ ಭಾರವಿದ್ದವರು ಪಕ್ಕಕ್ಕೆ ನೆಗೆಯಲಾರರು. ಪೆಡಲು ಬಡಿದು ಒದೆಸಿಕೊಂಡ ಬೈಸಿಕಲ್ಲು ಯಾರ ಮೇಲೆ ಬೀಳುತ್ತದೆಂಬುದು ಸವಾರನ ಕೈಯಲ್ಲಿರುವುದಿಲ್ಲ. ಅಂದು ನಮ್ಮವನ ಹಿಂದೆ ಹತ್ತು ಮಾರು ದೂರದಲ್ಲಿ ಇಬ್ಬರು ಬರುತ್ತಿದ್ದರು. ಹತ್ತು ಮಾರು ಮುಂದಿದ್ದಿದ್ದರೆ ನಾನು ಈ ಭಾಷಣವನ್ನು ಇಷ್ಟು ಹಗುರವಾಗಿ ಮಾಡುತ್ತಿರಲಿಲ್ಲ. ಅವರು ಕಂಡೊಡನೆ ಇಳಿದು ನಿಲ್ಲುವುದು, ತೋಟದವರನ್ನು ಕೇಳದೆ ಉಣಗೋಲು ಸರಿಸದಿರುವುದು, ಕುದುರೆಮುಖದ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯಗಳೊಳಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹೋಗದಿರುವುದು, ಆನೆ ಓಡಾಡುವ ಕಡೆ ನಸುಕಿನಲ್ಲಿ ಹೊರಡದಿರುವುದು ಇವನ್ನು ಅವನಿಗೆ ಹೇಳಿದೆ. ಆನೆಯದನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿದ.

ಯುಗಾದಿ ಕಳೆದು ಹೂಮಳೆ ಬಿದ್ದು, ತೋಟವೆಲ್ಲ ಮಲ್ಲಿಗೆ ಸುರಿದಂತಿದ್ದಾಗ ಅವನು ಮತ್ತೆ ಬಂದ. ಇಬ್ಬರೂ ಆ ಜಾಗಕ್ಕೆ ನಡೆದೇ ಹೋದೆವು. ಕಲ್ಲಿನ ನೆತ್ತಿಯ ಮೇಲೆ ಅವನ ಪೆಡಲು ಗೀಚಿದ ಬೆಳ್ಳನೆಯ ಗೆರೆ ಇನ್ನೂ ಮಾಸಿರಲಿಲ್ಲ. ಅದರ ಪಕ್ಕದಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದ ಇನ್ನೊಂದು ಹಳೆಯ ಗೆರೆ ಇತ್ತು. "ಇದು ಯಾರದು ಮಾವ?" ಎಂದ. ನನಗೆ ಗೊತ್ತಿಲ್ಲವೆಂದೆ. ಆಗ ನಮ್ಮ ಜತೆ ಬಂದಿದ್ದ ಹಿರಿಯ ಆಳು, ನಾನು ಕೆಲಸಕ್ಕೆ ಸೇರಿದ ವರ್ಷದಿಂದಲೂ ನನ್ನನ್ನು ಬಲ್ಲವನು, ದರೆಗೆ ಒರಗಿ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು, ಏನೂ ಹೇಳದೆ ನನ್ನ ಕಡೆ ನೋಡಿ ನಕ್ಕ.